ಹಳೆ ಸೆಡಿಯಾದ ಕ್ಯಾಟ್ ತೆಗೆಸಿಬಿಡಲಾ? ತೆಗೆಸಿದವರು ಅನುಭವ ಹೇಳಿ

ತೀರ್ಥಹಳ್ಳಿಯಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನದು 2007ರ ಮಿತ್ಸುಬಿಷಿ ಸೆಡಿಯಾ. 2 ಲೀಟರ್ ಪೆಟ್ರೋಲ್, 115 ಎಚ್‌ಪಿ. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ತಂದೆ. ಚಿಕ್ಕಮಗಳೂರಿನ ರ‍್ಯಾಲಿಗಳಲ್ಲಿ ಈ ಗಾಡಿ ಮಣ್ಣು ಹಾರಿಸಿಕೊಂಡು ಹೋಗುವುದನ್ನು ನೋಡಿದಾಗಿನಿಂದ ಇದ್ದ ಆಸೆ. ಈ ಮಳೆಗಾಲದಿಂದ ಪಿಕಪ್ ಹೋಗಿದೆ. ಮೂರು ಸಾವಿರ ಆರ್‌ಪಿಎಂ ದಾಟಿದರೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗಾಗುತ್ತದೆ. ಆಗುಂಬೆ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲೂ ಉಸಿರು ಕಟ್ಟುತ್ತದೆ. ಕೆಳಗಿನಿಂದ ಗಲಗಲ ಸದ್ದು ಬೇರೆ. ಗ್ಯಾರೇಜಿನವರೊಬ್ಬರು "ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ, ತೆಗೆದು ಬರೀ ಪೈಪ್ ಹಾಕಿಕೊಡುತ್ತೇನೆ, ಪಿಕಪ್ ಮೊದಲಿಗಿಂತ ಜಾಸ್ತಿ ಬರುತ್ತದೆ" ಅಂದರು. ಸೈಲೆನ್ಸರ್ ಪೈಪಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿಯಂತೆ ಅದು, ಕ್ಯಾಟ್ ಅಂತಾರೆ. ನಿಜವಾ? ಎಮಿಷನ್ ಟೆಸ್ಟ್, ಆರ್‌ಸಿ ರಿನೀವಲ್‌ಗೆ ತೊಂದರೆ ಆಗುತ್ತದಾ? ಮನೆಯಲ್ಲೇ ಬಿಚ್ಚಬಹುದಾ?

ಶಿವಮೊಗ್ಗ, ವಿನೋಬನಗರದಿಂದ:

ನಾನು ತೆಗೆಸಿದ್ದೆ. ಒಂದೂವರೆ ವರ್ಷ ಓಡಿಸಿ ವಾಪಸ್ ಹಾಕಿಸಿದೆ. ಹಾಗಾಗಿ ಪೂರ್ತಿ ಕತೆ ಹೇಳುತ್ತೇನೆ, ಉದ್ದ ಆದರೂ ಓದಿ.

ನನ್ನದು 2006ರ ಫಿಯೆಸ್ಟಾ 1.6. ನಿಮ್ಮ ಹಾಗೆಯೇ ಪಿಕಪ್ ಸತ್ತಿತ್ತು. ಗ್ಯಾರೇಜಿನವರು ಕ್ಯಾಟ್ ಕತ್ತರಿಸಿ ನಡುವೆ ಪೈಪ್ ವೆಲ್ಡ್ ಮಾಡಿದರು. ಅವತ್ತು ಸಂಜೆ ಗಾಜನೂರಿನವರೆಗೆ ಹೋಗಿ ಬಂದೆ, ಗಾಡಿ ಹೊಸದರ ಹಾಗೆ ಎಳೆಯಿತು. ಎಷ್ಟು ಖುಷಿಯಾಯಿತು ಅಂದರೆ ಇಬ್ಬರು ಗೆಳೆಯರಿಗೂ ತೆಗೆಸಿ ಅಂತ ಹೇಳಿಬಿಟ್ಟೆ. ಆಮೇಲೆ ತಿಳಿಯಿತು, ನಾನು ಹೋಲಿಸಿದ್ದು ಕಟ್ಟಿಹೋದ ಕ್ಯಾಟನ್ನು ಖಾಲಿ ಪೈಪಿಗೆ. ಮೂಗು ಕಟ್ಟಿದವನಿಗೆ ಮೂಗು ಬಿಟ್ಟರೆ ಆಗುವ ಹಾಯ್ ಅನ್ನಿಸುವಿಕೆ ಅದು. ಒಳ್ಳೆಯ ಕ್ಯಾಟ್ ಇದ್ದಿದ್ದರೂ ಅಷ್ಟೇ ಎಳೆಯುತ್ತಿತ್ತು. ವಾಪಸ್ ಹಾಕಿಸಿದ ಮೇಲೆ ಅದೇ ರಸ್ತೆಯಲ್ಲಿ ಅದೇ ಗೇರಿನಲ್ಲಿ ಓಡಿಸಿ ನೋಡಿದ್ದೇನೆ, ವ್ಯತ್ಯಾಸ ನನಗೆ ಗೊತ್ತಾಗಲಿಲ್ಲ. ಟರ್ಬೊ ಇಲ್ಲದ, ಬೇರೇನೂ ಬದಲಾಯಿಸದ ಎಂಜಿನ್‌ಗೆ ಒಳ್ಳೆಯ ಕ್ಯಾಟ್ ತಿನ್ನುವ ಶಕ್ತಿ ತುಂಬ ಕಡಿಮೆ.

ತೆಗೆಸಿದ ಮೇಲೆ ಏನೇನಾಯಿತು ಹೇಳುತ್ತೇನೆ. ಸದ್ದು ಮೊದಲು ಹಿತ ಅನ್ನಿಸಿತ್ತು. ಆದರೆ ಎರಡೂವರೆ ಸಾವಿರ ಆರ್‌ಪಿಎಂ ಹತ್ತಿರ ಒಂದು ಗುಂಯ್ ಅನ್ನುವ ಸದ್ದು ಕ್ಯಾಬಿನ್ ತುಂಬ ತುಂಬಿಕೊಳ್ಳುತ್ತಿತ್ತು. ಮಂಡಗದ್ದೆ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಬೇಕಲ್ಲ, ತಲೆ ಚಿಟ್ಟು ಹಿಡಿಯುತ್ತಿತ್ತು. ಗಾಡಿ ನಿಲ್ಲಿಸಿ ಇಳಿದರೆ ಬಟ್ಟೆಗೆಲ್ಲ ಪೆಟ್ರೋಲ್ ಹೊಗೆಯ ವಾಸನೆ.

ಇದಕ್ಕಿಂತ ದೊಡ್ಡದು ಬೇರೆ ಇದೆ. ಜುಲೈನಲ್ಲಿ ಜೋರು ಮಳೆ, ಕಿಟಕಿ ಎಲ್ಲ ಹಾಕಿಕೊಂಡು ಮನೆಯವರ ಜೊತೆ ಶೃಂಗೇರಿಗೆ ಹೊರಟಿದ್ದೆ. ಕೊಪ್ಪ ಮುಟ್ಟುವಷ್ಟರಲ್ಲಿ ಹಿಂದೆ ಕೂತ ಮಗಳಿಗೆ ತಲೆನೋವು, ವಾಕರಿಕೆ. ತಿರುವುಗಳಿಂದ ಅಂದುಕೊಂಡೆವು. ವಾಪಸ್ ಬರುವಾಗ ನನಗೂ ತಲೆ ಭಾರ. ಮರುದಿನ ಪಿಟ್ ಮೇಲೆ ನಿಲ್ಲಿಸಿ ನೋಡಿದರೆ ಹೊಸ ಪೈಪಿನ ವೆಲ್ಡಿಂಗ್ ಬಿರುಕು ಬಿಟ್ಟಿತ್ತು. ಹೊಗೆ ಸೀದಾ ಕಾರಿನ ಅಡಿಯಿಂದ ಒಳಗೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದನ್ನು ಕಡಿಮೆ ಮಾಡುವುದೇ ಕ್ಯಾಟ್‌ನ ಒಂದು ಮುಖ್ಯ ಕೆಲಸ. ನಮ್ಮ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ಕಿಟಕಿ ಹಾಕಿಕೊಂಡೇ ಓಡಿಸುವುದು ಅಲ್ವಾ? ಆ ದಿನ ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವ ಗಾಡಿಗೆ ನಾನು ಇನ್ನು ಯಾವತ್ತೂ ಹೀಗೆ ಮಾಡುವುದಿಲ್ಲ.

ಕೊನೆಗೆ ಎಮಿಷನ್ ಟೆಸ್ಟ್‌ನಲ್ಲೂ ಫೇಲ್. ಭಾರತ್ ಸ್ಟೇಜ್ (ಸರ್ಕಾರದ ಹೊಗೆ ನಿಯಮ) 2 ಮತ್ತು 3ರ ಪೆಟ್ರೋಲ್ ಕಾರುಗಳಿಗೆ ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.5 ಪರ್ಸೆಂಟ್ ದಾಟಬಾರದು, ಹೈಡ್ರೋಕಾರ್ಬನ್ 750 ಪಿಪಿಎಂ ದಾಟಬಾರದು. ನಿಮ್ಮ 2007ರ ಗಾಡಿಯೂ ಅದೇ ಲೆಕ್ಕಕ್ಕೆ ಬರುತ್ತದೆ. ಕ್ಯಾಟ್ ಇಲ್ಲದೆ ಆ 0.5ರ ಒಳಗೆ ಬರುವುದು ಕಷ್ಟ.

ಹೊಸ ಕ್ಯಾಟ್ ಹಾಕಿಸುವ ಮೊದಲು ಇನ್ನೊಬ್ಬ ಮೇಸ್ತ್ರಿ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಹಳೆಯದು ಯಾಕೆ ಕಟ್ಟಿತು?" ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನೋಡಿದರೆ ಒಂದು ಪ್ಲಗ್ ವೈರ್ ಸೀಳಿತ್ತು. ಥಂಡಿ ಬೆಳಗಿನಲ್ಲಿ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿತ್ತು. ಸುಡದ ಪೆಟ್ರೋಲ್ ಹೋಗಿ ಕ್ಯಾಟ್ ಒಳಗೆ ಸುಟ್ಟುಕೊಂಡಿದೆ, ಆ ಬಿಸಿಗೆ ಒಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಮುದ್ದೆಯಾಗಿದೆ. ಆ ವೈರ್ ಬದಲಾಯಿಸದೆ ಹೊಸದು ಹಾಕಿದ್ದರೆ ಅದೂ ಹಾಗೇ ಹೋಗುತ್ತಿತ್ತು. ತೆಗೆಯುವುದಾ ಬೇಡವಾ ಅನ್ನುವುದಕ್ಕಿಂತ ಮೊದಲು ಕಟ್ಟಿದ್ದು ಯಾಕೆ ಅಂತ ಹುಡುಕಿಸಿ ಮಾರಾಯ್ರೆ.

ಸಾಗರದಿಂದ:

ಕಾನೂನಿನ ಭಾಗ ಮಾತ್ರ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ನಮ್ಮಿಷ್ಟಕ್ಕೆ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದಮೇಲೆ ಹಾಗೆ ಬದಲಾಯಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಹೊಗೆ ಮತ್ತು ಸದ್ದಿನ ಮಿತಿ ಮೀರಿ ಓಡಿಸಿದರೆ ಅದೇ ಕಾಯ್ದೆಯ 190(2)ರಲ್ಲಿ ಮೊದಲ ಸಲಕ್ಕೇ 10,000ದವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಜೊತೆಗೆ ಮೂರು ತಿಂಗಳು ಡಿಎಲ್ ಇಲ್ಲ. ನಿಮ್ಮ ಗಾಡಿಗೆ 2022ಕ್ಕೆ ಹದಿನೈದು ವರ್ಷ ಆಗಿದೆ. ಆಗ ರಿನೀವಲ್ ಆಗಿದ್ದರೆ ಐದು ವರ್ಷಕ್ಕೆ ಮಾತ್ರ. ಅಂದರೆ 2027ಕ್ಕೆ ಮತ್ತೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಬೇಕು. ಎಮಿಷನ್ ಅಂತೂ ಆರು ತಿಂಗಳಿಗೊಮ್ಮೆ ಇದ್ದೇ ಇದೆ.

ಹೊಸನಗರದಿಂದ:

ಗಲಗಲ ಅನ್ನುವುದು ಕ್ಯಾಟೇ ಅಂತ ಹೇಗೆ ಗೊತ್ತು? ನನ್ನ ಗಾಡಿಯಲ್ಲಿ ಅದು ಕ್ಯಾಟ್ ಮೇಲಿನ ತಗಡು, ಹೀಟ್ ಶೀಲ್ಡ್. ನಮ್ಮ ಮಳೆಗೆ ತುಕ್ಕು ಹಿಡಿದು ಬೋಲ್ಟ್ ಬಿಟ್ಟಿತ್ತು. ಗಾಡಿ ಪೂರ್ತಿ ತಣ್ಣಗಾದ ಮೇಲೆ ಕೈಮುಷ್ಟಿಯಿಂದ ಡಬ್ಬಿಗೆ ಮೆತ್ತಗೆ ಗುದ್ದಿ ನೋಡಿ. ತಗಡಿನ ಸದ್ದಾದರೆ ಶೀಲ್ಡ್. ಒಳಗೆ ಕಲ್ಲು ಉರುಳಿದ ಹಾಗಾದರೆ ಜೇನುಗೂಡು ಒಡೆದಿದೆ.

ಶೀಲ್ಡ್ ಸದ್ದು ಮಾಡುತ್ತದೆ ಅಂತ ಕಿತ್ತು ಬಿಸಾಡಬೇಡಿ. ಓಡುವಾಗ ಕ್ಯಾಟ್ ನೂರಾರು ಡಿಗ್ರಿ ಬಿಸಿ ಇರುತ್ತದೆ. ಬೇಸಿಗೆಯಲ್ಲಿ ತೋಟದ ದಾರಿಯಲ್ಲಿ ಒಣ ದರಗಿನ ಮೇಲೆ ಗಾಡಿ ನಿಲ್ಲಿಸುವವರು ನಾವು. ನಮ್ಮೂರ ಹತ್ತಿರ ಒಂದು ಸಲ ಹೊಗೆ ಏಳುವಷ್ಟಾಗಿತ್ತು, ಪಕ್ಕದಲ್ಲಿ ನೀರಿದ್ದದ್ದಕ್ಕೆ ಬಚಾವ್.

ಇನ್ನೊಂದು, ಈ ಮಳೆಗಾಲದಲ್ಲಿ ಎಲ್ಲಾದರೂ ಹಳ್ಳ ಉಕ್ಕಿದ ಕಡೆ ನೀರಲ್ಲಿ ಇಳಿಸಿದ್ದಿರಾ? ಘಾಟಿ ಹತ್ತಿ ಕೆಂಪಗೆ ಕಾದ ಕ್ಯಾಟ್ ಒಮ್ಮೆಲೇ ತಣ್ಣೀರಲ್ಲಿ ಮುಳುಗಿದರೆ ಒಳಗಿನ ಪಿಂಗಾಣಿ ಚಟ್ ಅಂತ ಬಿರಿಯುತ್ತದೆ. ಬಿಸಿ ಬಾಣಲೆಯನ್ನು ನಲ್ಲಿ ಕೆಳಗೆ ಹಿಡಿದ ಹಾಗೆ.

ಕೊಪ್ಪದಿಂದ:

ನಾನು ಹದಿನೆಂಟು ವರ್ಷದಿಂದ ಇದೇ ಗ್ಯಾರೇಜ್ ಕೆಲಸ ಮಾಡುತ್ತಿದ್ದೇನೆ. ಬಿಚ್ಚುವ ಮೊದಲು ಪರೀಕ್ಷೆ ಮಾಡಿಸಿ ಅಣ್ಣ. ಪಿಕಪ್ ಇಲ್ಲ ಅಂದ ಕೂಡಲೇ ಕ್ಯಾಟ್ ಮೇಲೆ ಹಾಕುವುದು ಈಗ ಅಭ್ಯಾಸ ಆಗಿಬಿಟ್ಟಿದೆ. ಫ್ಯೂಯಲ್ ಫಿಲ್ಟರ್, ಪಂಪ್, ಕ್ಲಚ್, ಏನು ಬೇಕಾದರೂ ಇರಬಹುದು.

ಒಂದನೇ ದಾರಿ ವ್ಯಾಕ್ಯೂಮ್ ಗೇಜ್, ಎಂಜಿನ್ ಗಾಳಿ ಎಳೆಯುವ ಜೋರು ಅಳೆಯುವ ಮೀಟರ್. ಎಂಜಿನ್ ಬಿಸಿಯಾದ ಮೇಲೆ ಗಾಳಿ ಒಳಗೆ ಹೋಗುವ ಇಂಟೇಕ್ ಮ್ಯಾನಿಫೋಲ್ಡ್‌ಗೆ ಹಾಕಿ. ಸಮುದ್ರ ಮಟ್ಟದಲ್ಲಿ ಒಳ್ಳೆಯ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ತೋರಿಸುತ್ತದೆ. ಸಾವಿರ ಅಡಿ ಮೇಲೆ ಬಂದರೆ ಸುಮಾರು ಒಂದು ಇಂಚು ಕಡಿಮೆ. ನಾವು ಎರಡು ಸಾವಿರ ಅಡಿಯ ಆಸುಪಾಸಿನಲ್ಲಿದ್ದೇವೆ, ಹಾಗಾಗಿ 15 ಬಂತು ಅಂತ ಗಾಬರಿ ಬೇಡ. ನೋಡಬೇಕಾದ್ದು ಮುಂದಿನದು. ಎರಡೂವರೆ ಸಾವಿರ ಆರ್‌ಪಿಎಂನಲ್ಲಿ ಹಿಡಿದುಕೊಳ್ಳಿ. ಮುಳ್ಳು ಒಂದೇ ಕಡೆ ನಿಂತರೆ ಸರಿ. ನಿಧಾನಕ್ಕೆ ಇಳಿಯುತ್ತಾ ಹೋದರೆ ಹೊಗೆಗೆ ಹೊರಗೆ ಹೋಗಲು ದಾರಿ ಇಲ್ಲ ಅಂತ ಅರ್ಥ.

ಎರಡನೆಯದು ಇನ್ನೂ ನೇರ. ಕ್ಯಾಟ್‌ನ ಮುಂದಿರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕುವುದು. ಐಡ್ಲಿಂಗ್‌ನಲ್ಲಿ ಒಂದೂವರೆ ಪಿಎಸ್ಐ ಒಳಗೆ, ಎರಡೂವರೆ ಸಾವಿರದಲ್ಲಿ ಮೂರರ ಒಳಗೆ ಇರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಕಟ್ಟಿರುವುದು ಖಾತ್ರಿ. ಕಟ್ಟಿರುವುದು ಹಿಂದಿನ ಸೈಲೆನ್ಸರ್ ಕೂಡ ಆಗಿರಬಹುದು, ಕ್ಯಾಟ್‌ನ ಚೂರುಗಳು ಹೋಗಿ ಅಲ್ಲಿ ಕೂತಿರುತ್ತವೆ. ಹೊಸ ಕ್ಯಾಟ್ ಹಾಕಿಯೂ ಪಿಕಪ್ ಬರಲಿಲ್ಲ ಅಂತ ಬರುವ ಗಾಡಿಗಳಲ್ಲಿ ನಾನು ಮೊದಲು ಅದನ್ನೇ ಬಿಚ್ಚಿ ಅಲ್ಲಾಡಿಸಿ ನೋಡುತ್ತೇನೆ.

ಕಾರಣ ಹುಡುಕುವಾಗ ಪ್ಲಗ್, ಕಾಯಿಲ್, ವೈರ್ ಮೊದಲು ನೋಡಿ. ಆಮೇಲೆ ಎಂಜಿನ್ ಆಯಿಲ್ ಕುಡಿಯುತ್ತಿದೆಯಾ ನೋಡಿ. ಆಯಿಲ್‌ನಲ್ಲಿರುವ ರಂಜಕ, ಸತು ಕ್ಯಾಟ್ ಒಳಗಿನ ಲೇಪದ ಮೇಲೆ ಕೂತು ಅದನ್ನು ಸಾಯಿಸುತ್ತವೆ. ಹಳೆಯ ಗಾಡಿಗಳಲ್ಲಿ ವಾಲ್ವ್ ಸೀಲ್ ಹೋಗಿ ಇದೇ ಆಗುವುದು.

ಇನ್ನು ಮನೆಯಲ್ಲಿ ಬಿಚ್ಚುವುದು. ಬಿಚ್ಚಬಹುದು, ಆದರೆ ಮಲೆನಾಡಿನ ಗಾಡಿಯ ಸೈಲೆನ್ಸರ್ ಬೋಲ್ಟ್‌ಗಳು ಬೋಲ್ಟ್‌ಗಳಾಗಿ ಉಳಿದಿರುವುದಿಲ್ಲ, ತುಕ್ಕಿನ ಉಂಡೆಗಳಾಗಿರುತ್ತವೆ. ಹಿಂದಿನ ರಾತ್ರಿಯೇ ಡಬ್ಲ್ಯೂಡಿ-40 ಹೊಡೆದು ಬಿಡಿ, ಬೆಳಿಗ್ಗೆ ಮತ್ತೊಮ್ಮೆ ಹೊಡೆಯಿರಿ. ಬರೀ ಜಾಕಿ ನಂಬಿ ಕೆಳಗೆ ಹೋಗಲೇಬೇಡಿ. ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಡಿ, ಇಲ್ಲವಾದರೆ ಪಿಟ್ ಇರುವ ಕಡೆ ಹೋಗಿ. ಅಂಗಳದ ಮಣ್ಣು ಮಳೆಗೆ ಮೆತ್ತಗಾಗಿರುತ್ತದೆ, ಸ್ಟ್ಯಾಂಡ್ ಕೂಡ ಹೂತುಹೋಗುತ್ತದೆ. ನಟ್ಟನ್ನು ಮೊದಲು ಒಂದು ಕೂದಲಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಹಾಗೆ ಹಿಂದೆ ಮುಂದೆ ಮಾಡುತ್ತಾ ಬಿಚ್ಚಿ. ಮ್ಯಾನಿಫೋಲ್ಡ್ ಕಡೆಯ ಸ್ಟಡ್ ತುಂಡಾದರೆ ಅರ್ಧ ದಿನದ ಕೆಲಸ ಮೂರು ದಿನ ಆಗುತ್ತದೆ. ಬರದಿದ್ದರೆ ಗ್ಯಾಸ್ ಹಿಡಿದು ಕಾಯಿಸುವುದು ಗ್ಯಾರೇಜಿನಲ್ಲಿ ಮಾತ್ರ. ಪಕ್ಕದಲ್ಲೇ ಪೆಟ್ರೋಲ್ ಪೈಪ್ ಹೋಗಿರುತ್ತದೆ.

ಸೆನ್ಸರ್‌ಗೆ ವೈರ್ ತೂರುವ ಸೀಳಿರುವ 22 ಎಂಎಂ ಸಾಕೆಟ್ ಬೇಕು. ವೈರ್ ತಿರುಚಬೇಡಿ. ವಾಪಸ್ ಹಾಕುವಾಗ ಹಳೆಯ ಪ್ಯಾಕಿಂಗ್ ಮತ್ತೆ ಹಾಕಬೇಡಿ. ಸಿಲಿಕಾನ್ ಗಮ್ ಬಳಿಯಲೇಬೇಡಿ, ಅದರ ಹೊಗೆ ಸೆನ್ಸರ್ ಕೊಲ್ಲುತ್ತದೆ.

ಕೆಲವರು ಡಬ್ಬಿ ಹಾಗೇ ಇಟ್ಟು ಒಳಗಿನದನ್ನು ಕಬ್ಬಿಣದ ರಾಡಿನಿಂದ ಕುಟ್ಟಿ ಉದುರಿಸುತ್ತಾರೆ, ಹೊರಗಿನಿಂದ ಗೊತ್ತಾಗುವುದಿಲ್ಲ ಅಂತ. ಆ ಪುಡಿ ಉಸಿರಿಗೆ ಹೋಗಬಾರದ್ದು. ನನ್ನ ಗ್ಯಾರೇಜಿಗೆ ಅದನ್ನು ಕೇಳಿಕೊಂಡು ಬಂದವರನ್ನು ವಾಪಸ್ ಕಳಿಸುತ್ತೇನೆ. ಮತ್ತೆ, ಎಲ್ಲೇ ಬದಲಾಯಿಸಿದರೂ ಹಳೆಯ ಕ್ಯಾಟನ್ನು ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಇರುತ್ತದೆ. ಗುಜರಿಯಲ್ಲಿ ಅದಕ್ಕೆ ಬೇರೆಯೇ ರೇಟು. ಸುಮ್ನೆ ಮೂಲೆಗೆ ಎಸೆದ ಹಾಗೆ ಮಾಡಿ ಇಟ್ಟುಕೊಳ್ಳುವವರಿದ್ದಾರೆ.

ಶಿವಮೊಗ್ಗ, ವಿನೋಬನಗರದಿಂದ, ಮತ್ತೆ:

ಆ ಕೊನೆಯ ಮಾತು ನನಗೆ ಆಗಿದ್ದೇ. ಮೊದಲ ಗ್ಯಾರೇಜಿನಲ್ಲಿ ನನ್ನ ಹಳೆಯದನ್ನು ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ತೀರ್ಥಹಳ್ಳಿಯಿಂದ, ಹನ್ನೆರಡು ದಿನದ ಮೇಲೆ:

ಎಲ್ಲರಿಗೂ ತುಂಬ ಧನ್ಯವಾದ. ಕೊಪ್ಪದ ಅಣ್ಣ ಹೇಳಿದ ಹಾಗೆ ಗೇಜ್ ಹಾಕಿಸಿದೆ. ಐಡ್ಲಿಂಗ್‌ನಲ್ಲೇ ನಾಲ್ಕು ಪಿಎಸ್ಐ ಬಂತು. ಕಾರಣವೂ ಸಿಕ್ಕಿತು, ಮೂರನೇ ಸಿಲಿಂಡರಿನ ಪ್ಲಗ್ ಪೂರ್ತಿ ಕಪ್ಪಾಗಿತ್ತು, ಅದರ ಕಾಯಿಲ್ ಬಿಸಿಯಾದ ಮೇಲೆ ಕೈಕೊಡುತ್ತಿತ್ತು. ಹೊಸನಗರದವರು ಕೇಳಿದ ಪ್ರಶ್ನೆಗೂ ಉತ್ತರ ಹೌದು. ಜೂನ್ ಕೊನೆಯಲ್ಲಿ ಘಾಟಿ ಹತ್ತಿ ಬಂದು ಒಂದು ಸೇತುವೆ ಮೇಲಿನ ನೀರಲ್ಲಿ ಇಳಿಸಿದ್ದೆ. ಬಿಚ್ಚಿದಾಗ ಒಳಗೆ ಅರ್ಧ ಕರಗಿತ್ತು, ಅರ್ಧ ಚೂರಾಗಿತ್ತು. ಹಿಂದಿನ ಸೈಲೆನ್ಸರ್ ಅಲ್ಲಾಡಿಸಿದರೆ ಒಂದು ಹಿಡಿ ಚೂರು ಉದುರಿತು.

ಕಾಯಿಲ್, ನಾಲ್ಕೂ ಪ್ಲಗ್ ಬದಲಾಯಿಸಿ ಹೊಸ ಕ್ಯಾಟ್ ಹಾಕಿಸಿದ್ದೇನೆ. ದುಡ್ಡು ಖರ್ಚಾಯಿತು, ಹಳೆಯದನ್ನು ಮಾರಿದ್ದರಿಂದ ಸ್ವಲ್ಪ ವಾಪಸ್ ಬಂತು. ನಿನ್ನೆ ಆಗುಂಬೆಗೆ ಹೋಗಿದ್ದೆ. ಹದಿನಾಲ್ಕೂ ತಿರುವು ಸೆಕೆಂಡ್, ಥರ್ಡ್‌ನಲ್ಲಿ ಹತ್ತಿತು. ಐದು ಸಾವಿರದವರೆಗೆ ಎಲ್ಲೂ ತಡೆಯಲಿಲ್ಲ. ಒಂದೇ ಅನುಮಾನ, ಮೊದಲ ದಿನ ಕೆಳಗಿನಿಂದ ಸ್ವಲ್ಪ ಸುಟ್ಟ ವಾಸನೆ ಬಂತು, ಅದು ಸರಿಯಾ?

ಕೊಪ್ಪದಿಂದ:

ಬಿಚ್ಚುವಾಗ ಹೊಡೆದ ಎಣ್ಣೆ, ಹೊಸ ಡಬ್ಬಿಯ ಮೇಲಿನ ಕೈಗುರುತು ಸುಡುವ ವಾಸನೆ. ಎರಡು ದಿನದಲ್ಲಿ ಹೋಗಬೇಕು. ಹೋಗದಿದ್ದರೆ ಜಾಯಿಂಟ್ ಹತ್ತಿರ ಮಸಿ ಕಾಣುತ್ತದಾ ನೋಡಿ. ನಾಲ್ಕೈದು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಬೋಲ್ಟ್‌ಗಳನ್ನು ಒಮ್ಮೆ ಬಿಗಿ ಮಾಡಿಸಿ, ಗಾಡಿ ತಣ್ಣಗಿರುವಾಗ. ಅಲ್ಲಿಯವರೆಗೆ ಮಳೆ ಇದ್ದರೂ ಕಿಟಕಿ ಎರಡು ಬೆರಳಷ್ಟು ತೆಗೆದೇ ಓಡಿಸಿ.