ಟ್ರಯಥ್ಲಾನ್ ಹಿಂದಿನ ರಾತ್ರಿ ಮಕ್ಕಳು, ಅತ್ತೆ ಜೊತೆ ಟೆಂಟ್ ಹಾಕಿ ಉಳಿಯಬಹುದಾ? (ಸಾಗರದ ಕಡೆ)

ತುಂಗಾದಡ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ವಯಸ್ಸು 42. ಜನವರಿಯಲ್ಲಿ ನನ್ನ ಮೊದಲ ಟ್ರಯಥ್ಲಾನ್ ಇದೆ. ಸಾಗರದ ಕಡೆ, ಶರಾವತಿ ಹಿನ್ನೀರಿನ ದಡದಲ್ಲಿ. ಸೈಕಲ್ ಗೆಳೆಯರೇ ಸೇರಿ ಮಾಡುತ್ತಿರುವ ಸಣ್ಣ ರೇಸ್. ಸ್ಪ್ರಿಂಟ್ ದೂರ: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ.

ಈಜು ನನಗೆ ಚಿಕ್ಕಂದಿನಿಂದ ಗೊತ್ತು. ತೀರ್ಥಹಳ್ಳಿ ಹತ್ತಿರ ಅಜ್ಜನ ಮನೆ. ಬೇಸಿಗೆ ರಜೆಯಲ್ಲಿ ಸೋದರಮಾವ ಬೆನ್ನಿಗೆ ಎರಡು ಒಣ ತೆಂಗಿನಕಾಯಿ ಕಟ್ಟಿ ತುಂಗೆಗೆ ಇಳಿಸುತ್ತಿದ್ದರು. ಮದುವೆಯಾದ ಮೇಲೆ ಹತ್ತು ಹನ್ನೆರಡು ವರ್ಷ ನೀರಿಗೆ ಇಳಿದೇ ಇರಲಿಲ್ಲ. ಎರಡು ವರ್ಷದ ಹಿಂದೆ ಮತ್ತೆ ಶುರು ಮಾಡಿದೆ. ವಾರಕ್ಕೆ ಮೂರು ದಿನ ಬೆಳಿಗ್ಗೆ 5 ಗಂಟೆಗೆ ಸೈಕಲ್ ತೆಗೆದು ಸಕ್ರೆಬೈಲಿನವರೆಗೆ ಹೋಗಿ ಬರುತ್ತೇನೆ, ಸುಮಾರು 28 ಕಿಲೋಮೀಟರ್ ಆಗುತ್ತದೆ.

ಆ ಹೊತ್ತಿನಲ್ಲಿ ಮಕ್ಕಳನ್ನು ಎಬ್ಬಿಸಿ, ಡಬ್ಬಿ ಕಟ್ಟಿ, ಶಾಲೆಗೆ ಕಳಿಸುವುದು ಅತ್ತೆ ಮತ್ತು ನಮ್ಮನೆಯವರು. ಎರಡು ವರ್ಷ ಒಂದು ದಿನವೂ ಬೇಸರ ಮಾಡಿಕೊಂಡಿಲ್ಲ. ಅದಕ್ಕೇ ರೇಸಿಗೆ ನಾನೊಬ್ಬಳೇ ಹೋಗಿ ಬರಲು ಮನಸ್ಸಿಲ್ಲ. ಎಲ್ಲರೂ ಬರಬೇಕು, ಎರಡು ದಿನ ಚೆನ್ನಾಗಿ ಕಳೆಯಬೇಕು.

ಅತ್ತೆಯ ತಂಗಿಯ ಮನೆ ರೇಸಿನ ಜಾಗದಿಂದ 3 ಕಿಲೋಮೀಟರ್ ದೂರ. ಅಲ್ಲೇ ಟೆಂಟ್ ಹಾಕೋಣ ಅಂತ ಮಗಳ ಹಟ (11 ವರ್ಷ). ಮಗನಿಗೆ 6. ಅವನಿಗೆ ನನ್ನ ಕೈ ಹಿಡಿದು ಫಿನಿಶ್ ಗೆರೆ ದಾಟಬೇಕಂತೆ. ಅತ್ತೆಗೆ 68, ಮಂಡಿ ನೋವು. ಜೊತೆಯಲ್ಲಿ ಸೈಕಲ್ ಹೊಡೆಯುವವರು ಮಾತ್ರ ಟೆಂಟ್ ಬೇಡವೇ ಬೇಡ, ಸಾಗರದಲ್ಲಿ ರೂಮು ಮಾಡಿ ಒಬ್ಬಳೇ ಮಲಗು ಅನ್ನುತ್ತಾರೆ. ಮಕ್ಕಳ ಜೊತೆ ಹೀಗೆ ಹೋದವರು ಇದ್ದರೆ ಹೇಳಿ. ಎಲ್ಲಿ ಮಲಗಬೇಕು, ಏನು ತಿನ್ನಬೇಕು, ನಾನು ನೀರಿನಲ್ಲಿರುವಾಗ ಇವರೆಲ್ಲ ಏನು ಮಾಡಬೇಕು?


ಮೂರಾಟ:

ಮೇಡಂ, ಟೆಂಟಿನಲ್ಲೇ ಮಲಗಿ. ರೇಸಿನ ಹಿಂದಿನ ರಾತ್ರಿ ಲಾಡ್ಜಿನಲ್ಲಿದ್ದರೂ ನಿದ್ದೆ ಬರುವುದು ಕಷ್ಟ. ಗೋವಾದಲ್ಲಿ 70.3 ಮೈಲಿಯ ಟ್ರಯಥ್ಲಾನ್ ಮಾಡಿದಾಗ (1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ) ನಾನು ಒಳ್ಳೆ ಹಾಸಿಗೆಯಲ್ಲಿ ಮಲಗಿಯೂ ಮೂರು ಗಂಟೆ ನಿದ್ದೆ ಮಾಡಿದ್ದು ಅಷ್ಟೇ. ಅದಕ್ಕೆ ಮೊದಲಿನ ಎರಡು ರಾತ್ರಿ ಬೇಗ ಮಲಗಿ, ಅದೇ ಕೈ ಹಿಡಿಯುವುದು.

ಮಗನಿಗೆ ಈಗಲೇ ಹೇಳಿಬಿಡಿ, ಗೆರೆ ದಾಟುವಾಗ ಜೊತೆಗೆ ಓಡಲು ಬಹಳ ರೇಸುಗಳಲ್ಲಿ ಬಿಡುವುದಿಲ್ಲ. ಅಲ್ಲಿ ಹೋಗಿ ಹೇಳಿದರೆ ಅತ್ತುಬಿಡುತ್ತಾನೆ. ಗೆರೆಯ ಆಚೆ ನಿಂತು ಕಾಯುವ ಕೆಲಸ ಕೊಡಿ. ಮನೆಯವರಿಗೂ ಹೇಳಿ. ದಾರಿಯಲ್ಲಿ ನೀರಿನ ಬಾಟಲಿ ಕೊಡುವುದು, ಸೈಕಲ್ ಹಿಡಿದುಕೊಳ್ಳುವುದು ಯಾವುದೂ ಕೂಡದು. ಹೊರಗಿನವರ ಸಹಾಯ ತೆಗೆದುಕೊಂಡರೆ ದಂಡದ ಸಮಯ ಸೇರಿಸಬಹುದು, ರೇಸಿನಿಂದ ತೆಗೆದೂ ಹಾಕಬಹುದು. ಕೂಗಿ ಹುರಿದುಂಬಿಸಬಹುದು, ಎಷ್ಟು ಬೇಕಾದರೂ.

ಹೆಲ್ಮೆಟ್ ಬಕಲ್ ಹಾಕಿದ ಮೇಲೆಯೇ ಸ್ಟ್ಯಾಂಡಿನಿಂದ ಸೈಕಲ್ ತೆಗೆಯಬೇಕು. ವಾಪಸ್ ಬಂದಾಗ ಸೈಕಲ್ ಇಟ್ಟ ಮೇಲೆಯೇ ಬಕಲ್ ಬಿಚ್ಚಬೇಕು. ಮೊದಲ ಸಲ ಹೋದವರು ತಪ್ಪುವುದು ಇಲ್ಲೇ.

ಇನ್ನು ನೀರಿನ ವಿಷಯ. ನಿಮಗೆ ಹೊಳೆ ಗೊತ್ತು, ಸಂತೋಷ. ಆದರೆ ಹಿನ್ನೀರು ಹೊಳೆಯಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದದ್ದು, ಕಾಡು ನಿಂತಲ್ಲೇ ಮುಳುಗಿತು. ನೀರು ಇಳಿಯುತ್ತಾ ಹೋದಂತೆ ಮರದ ಮೋಟುಗಳು ಮೇಲೆ ಬರುತ್ತವೆ. ಮೇಲೆ ಬಂದದ್ದು ಕಣ್ಣಿಗೆ ಕಾಣುತ್ತದೆ, ಒಂದಡಿ ಕೆಳಗಿರುವುದು ಕಾಣುವುದಿಲ್ಲ. ಈಜುವ ದಾರಿಯನ್ನು ಅದೇ ವಾರ ದೋಣಿಯಲ್ಲಿ ಹೋಗಿ ನೋಡಿದ್ದಾರಾ ಅಂತ ಕೇಳಿ. ಸಂಕೋಚ ಬೇಡ. ಬೆಳಗಿನ ತಣ್ಣೀರಿಗೆ ಮೊದಲ ಒಂದೆರಡು ನಿಮಿಷ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಶುರುವಿಗೆ ಮುಂಚೆ ಮುಖಕ್ಕೆ, ಕತ್ತಿಗೆ ನೀರು ಹಾಕಿಕೊಂಡು ನಿಧಾನ ಇಳಿಯಿರಿ. ಸುಸ್ತಾದರೆ ತೇಲುವ ಬೋಯಿಯನ್ನೋ ದೋಣಿಯನ್ನೋ ಹಿಡಿದು ನಿಲ್ಲಬಹುದು. ಹಿಡಿದುಕೊಂಡು ಮುಂದೆ ಹೋಗಬಾರದು ಅಷ್ಟೇ.

ಸೈಕಲ್ ಇಳಿದು ಓಡುವಾಗ ಕಾಲು ನಮ್ಮದಲ್ಲ ಅನ್ನಿಸುತ್ತದೆ. ಈಗಿಂದಲೇ ಸಕ್ರೆಬೈಲಿನಿಂದ ಬಂದ ತಕ್ಷಣ ಶೂ ಬದಲಿಸಿ 10 ನಿಮಿಷ ಓಡಿ, ಅಭ್ಯಾಸ ಆಗುತ್ತದೆ.


ಗದ್ದೆಬಯಲು:

ಅಕ್ಕಾ, ನಾನು ಓಡುವವನಲ್ಲ. ಹೊಸನಗರದ ಕಡೆ ತೋಟ, ಗದ್ದೆ ನೋಡಿಕೊಂಡು ಇರುವವನು. ಒಂದೇ ವಿಷಯ ಹೇಳಬೇಕು ಅನ್ನಿಸಿತು.

ಜನವರಿ ಅಂದರೆ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು, ಇವತ್ತಿಗೂ ಹೋಗಿಲ್ಲ. ಮಳೆ ನಿಂತ ಮೇಲೆ ಅದನ್ನು ಹರಡುವ ಮರಿ ಉಣುಗು (ಉಣ್ಣೆ ಹುಳ) ಜಾಸ್ತಿಯಾಗುತ್ತವೆ, ಮೇ ತಿಂಗಳವರೆಗೂ ಇರುತ್ತವೆ. ಕಚ್ಚಿದ್ದೂ ಗೊತ್ತಾಗುವುದಿಲ್ಲ, ಅಷ್ಟು ಸಣ್ಣ. ಕಚ್ಚಿ 3ರಿಂದ 8 ದಿನದೊಳಗೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ನಮ್ಮ ಕೇರಿಯಲ್ಲಿ ಒಬ್ಬರು ಬರೀ ದರಗು (ಕಾಡಿನ ಒಣ ಎಲೆ) ತರಲು ಹೋಗಿ ತಿಂಗಳು ಮಲಗಿದ್ದರು. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಗೊತ್ತಿದ್ದರೆ ಹುಷಾರಾಗಿ ಇರಬಹುದು.

ಹಾಗಾಗಿ ಟೆಂಟನ್ನು ಕಾಡಿನ ಅಂಚಿನಲ್ಲಿ ಹಾಕಬೇಡಿ. ದರಗಿನ ಮೇಲೆ ಮಕ್ಕಳು ಕೂರುವುದು, ಮಲಗುವುದು ಬೇಡ. ಅಡಿಕೆ ಅಂಗಳ ಒಳ್ಳೆಯದು ಅನ್ನೋಣ ಅಂದರೆ ಆ ಹೊತ್ತಿಗೆ ಅಂಗಳದ ತುಂಬ ಅಡಿಕೆ ಹರಡಿರುತ್ತಾರೆ. ಭತ್ತ ಬಡಿದು ಮುಗಿದಿದ್ದರೆ ಕಣ ಖಾಲಿ ಇರುತ್ತದೆ. ಸಗಣಿ ಸಾರಿಸಿದ ಗಟ್ಟಿ ನೆಲ, ಹುಲ್ಲಿಲ್ಲ, ಎಲೆ ಇಲ್ಲ. ಅದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ಅಲ್ಲಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಕೇಳಿ, ಸುತ್ತಮುತ್ತ ಮಂಗ ಸತ್ತಿದೆಯಾ ಅಂತ. ಸತ್ತಿದ್ದರೆ ಟೆಂಟಿನ ಮಾತೇ ಬೇಡ. ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಅವರ ಹತ್ತಿರವೇ ಇರುತ್ತದೆ. ವಾಪಸ್ ಬಂದ ಮೇಲೆ ಎಲ್ಲರೂ ಬಿಸಿನೀರು ಸ್ನಾನ ಮಾಡಿ, ಮಕ್ಕಳ ಕಿವಿ ಹಿಂದೆ, ಕಂಕುಳು, ಸೊಂಟದ ಪಟ್ಟಿ ಕೂರುವ ಜಾಗ ನೋಡಿ. ಹಾಕಿದ ಬಟ್ಟೆ ಕುದಿಯುವ ನೀರಿಗೆ ಹಾಕಿ.

ಅತ್ತೆಯವರು ತಂಗಿ ಜೊತೆ ಮನೆಯೊಳಗೆ ಮಲಗಲಿ. ಅಕ್ಕ ತಂಗಿ ಸೇರಿದರೆ ಅವರಿಗೆ ಹೊತ್ತು ಹೋಗುವುದು ನೀವು ಯೋಚಿಸಬೇಕಾಗಿಲ್ಲ.


ತುಂಗಾದಡ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗದ್ದೆಬಯಲು ಅಣ್ಣಾ, ಮಂಗನ ಕಾಯಿಲೆ ನನಗೆ ಪೇಪರಿನಲ್ಲಿ ಓದಿ ಗೊತ್ತಿತ್ತು, ಆದರೆ ಟೆಂಟಿಗೂ ಅದಕ್ಕೂ ಸೇರಿಸಿ ಯೋಚಿಸಿರಲಿಲ್ಲ. ಫೋನ್ ಮಾಡಿ ಕೇಳಿದೆವು. ಕಣ ಖಾಲಿ ಇದೆ, ಮಂಗ ಸತ್ತ ಸುದ್ದಿ ಇಲ್ಲ. ಕಣದ ನೆಲಕ್ಕೆ ಟೆಂಟಿನ ಗೂಟ ಇಳಿಯುತ್ತದಾ?


ಗದ್ದೆಬಯಲು:

ಇಳಿಯುವುದಿಲ್ಲ. ಹೊಡೆದರೆ ಕಣ ಹಾಳು, ಚಿಕ್ಕಮ್ಮ ಬೈಯ್ಯುತ್ತಾರೆ. ನಾಲ್ಕು ಮೂಲೆಗೆ ಕಲ್ಲು ಇಟ್ಟು ಹಗ್ಗ ಕಟ್ಟಿ. ಕೆಳಗೆ ಟಾರ್ಪಾಲು ದಪ್ಪದ್ದು ಇರಲಿ, ಇಬ್ಬನಿ ಜಾಸ್ತಿ.


ಮಲೆನಾಡ_ಮಿಡಿ:

ಊಟದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ. ರೇಸಿನ ದಿನ ಹೊಸ ತಿಂಡಿ ಏನೂ ಬೇಡ ಅಕ್ಕ. ಮನೆಯಲ್ಲಿ ಸೈಕಲ್‌ಗೆ ಹೋಗುವ ಮುಂಚೆ ಏನು ತಿನ್ನುತ್ತೀರೋ ಅದೇ. ಶುರುವಿಗೆ ಎರಡು ಗಂಟೆ ಮೊದಲು. ನಾನು ಎರಡು ನೀರ್ದೋಸೆ, ಮೇಲೆ ಜೋನಿಬೆಲ್ಲ ತಿಂದು ಹೋಗುತ್ತೇನೆ. ಹೊಟ್ಟೆ ಭಾರ ಆಗುವುದಿಲ್ಲ. ಜೇಬಿನಲ್ಲಿ ಒಂದು ಬಾಳೆಹಣ್ಣು. ಉಪ್ಪಿನಕಾಯಿ ಎಲ್ಲ ರೇಸ್ ಮುಗಿದ ಮೇಲೆ!


ತುಂಗಾದಡ:

ಹೋಗಿ ಬಂದೆವು. ತಡವಾಗಿ ಬರೆಯುತ್ತಿದ್ದೇನೆ, ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಶನಿವಾರ ಮಧ್ಯಾಹ್ನ ಕಣದಲ್ಲಿ ಟೆಂಟ್ ಹಾಕಿದೆವು. ನಾಲ್ಕು ಕಲ್ಲು ಆರಿಸಿ ತಂದವಳು ಮಗಳು. ರಾತ್ರಿ ನಾವು ನಾಲ್ಕು ಜನ ಒಳಗೆ. ಮಗ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡೇ ಮಲಗಿದ. 2 ಗಂಟೆಗೆ ಎಚ್ಚರವಾದಾಗ ಟೆಂಟಿನ ಬಟ್ಟೆ ಒಳಗಿನಿಂದ ಒದ್ದೆಯಾಗಿ ಹಣೆಗೆ ತಾಗುತ್ತಿತ್ತು. ಮನೆಯೊಳಗೆ ದೀಪ ಇನ್ನೂ ಇತ್ತು. ಅತ್ತೆ ಮತ್ತು ಅವರ ತಂಗಿ ಮಾತಾಡುತ್ತಿದ್ದರು. ಏನಂತ ಕೇಳಿಸಲಿಲ್ಲ, ಮಧ್ಯೆ ಮಧ್ಯೆ ನಗು ಮಾತ್ರ ಕೇಳುತ್ತಿತ್ತು. ಹಾಗೇ ಮತ್ತೆ ನಿದ್ದೆ ಬಂತು.

ನಾಲ್ಕೂವರೆಗೆ ಎದ್ದರೆ ಅತ್ತೆ ಬಚ್ಚಲೊಲೆಗೆ ಬೆಂಕಿ ಹಾಕಿ ಆಗಿತ್ತು. 5 ಗಂಟೆಗೆ ದೋಸೆ, ಜೋನಿಬೆಲ್ಲ. 7ಕ್ಕೆ ಶುರು. ನೀರಿನ ಮೇಲೆ ಕಾವಳ ಕೂತಿತ್ತು, ಅದು ಸ್ವಲ್ಪ ಏಳಲಿ ಅಂತ 20 ನಿಮಿಷ ತಡ ಮಾಡಿದರು. ಒಳ್ಳೆಯದೇ ಆಯಿತು. ದಾರಿಯನ್ನು ಮೊದಲೇ ದೋಣಿಯಲ್ಲಿ ಹೋಗಿ ನೋಡಿದ್ದರು, ಒಂದು ಮೋಟಿಗೆ ಕೆಂಪು ಬಟ್ಟೆ ಕಟ್ಟಿದ್ದರು.

ಮೂರಾಟ ಸರ್ ಹೇಳಿದ್ದು ನಿಜ. ಮುಖಕ್ಕೆ ನೀರು ಹಾಕಿಕೊಂಡು ಇಳಿದರೂ ಮೊದಲ ನಿಮಿಷ ಉಸಿರೇ ಸಿಗಲಿಲ್ಲ. ಮೊದಲ ಬೋಯಿ ಹಿಡಿದು ಹತ್ತು ಉಸಿರು ಎಣಿಸಿದೆ. ಆಮೇಲೆ ತುಂಗೆಯ ಕೈ ಬಂತು. ನೀರಿನಿಂದ ಎದ್ದು ಬಂದಾಗ ದಡದಲ್ಲಿ ಅತ್ತೆ ನಿಂತಿದ್ದರು. ಅವರಿಗೆಂದು ನಮ್ಮನೆಯವರು ಹೊತ್ತು ತಂದಿದ್ದ ಕುರ್ಚಿ ಹಿಂದೆ ಖಾಲಿ. ಆಮೇಲೆ ಮಗಳು ಹೇಳಿದಳು, ನಾನು ಬೋಯಿ ಹಿಡಿದು ನಿಂತಾಗ ಅಜ್ಜಿ ಎದ್ದವರು ಮತ್ತೆ ಕೂರಲೇ ಇಲ್ಲವಂತೆ. ಅತ್ತೆ ನಾನು ಈಜುವುದನ್ನು ನೋಡಿದ್ದು ಅದೇ ಮೊದಲು. ಏನೂ ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ಇದ್ದರು.

ಸೈಕಲ್ ದಾರಿ ಪೂರ್ತಿ ಏರು ಇಳಿಜಾರು. ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ: ಈಜು 23 ನಿಮಿಷ, ಬಟ್ಟೆ 4, ಸೈಕಲ್ 52, ಶೂ 2, ಓಟ 37. ಒಟ್ಟು 1 ಗಂಟೆ 58 ನಿಮಿಷ. ಕೊನೆಯಿಂದ ಐದನೆಯವಳು. ನನಗೆ ತುಂಬಾ ಖುಷಿ. ಮಗ ಗೆರೆಯಿಂದ ಎರಡು ಹೆಜ್ಜೆ ಆಚೆ, ಅವನೇ ಹಾಕಿಕೊಂಡ ಒಂದು ಗೆರೆಯ ಮೇಲೆ ನಿಂತಿದ್ದ. ಕೈಯಲ್ಲಿ ಸುಲಿದ ಬಾಳೆಹಣ್ಣು, ಅರ್ಧ ಅವನೇ ತಿಂದಿದ್ದ. ಉಳಿದರ್ಧ ನನಗೆ ಕೊಟ್ಟ.

ಮಧ್ಯಾಹ್ನ ಇಕ್ಕೇರಿ ದೇವಸ್ಥಾನಕ್ಕೆ ಹೋಗಿ ಸಂಜೆ ಮನೆಗೆ ಬಂದೆವು. ಇನ್ನೊಂದು ರಾತ್ರಿ ಉಳಿಯಬೇಕಿತ್ತು, ಸೋಮವಾರ ನನಗೆ ಶಾಲೆ ಇತ್ತು.

ಗದ್ದೆಬಯಲು ಅಣ್ಣಾ, ಮನೆಗೆ ಬಂದು ನೀವು ಹೇಳಿದ ಹಾಗೇ ಮಕ್ಕಳ ಮೈ ನೋಡಿದೆ. ಮಗನ ಕಾಲುಚೀಲದ ಮೇಲಿನ ಪಟ್ಟಿಯಲ್ಲಿ ಒಂದು ಉಣುಗು ಇತ್ತು. ಸಾಸಿವೆಗಿಂತ ಸಣ್ಣದು, ಮೊದಲು ಕಸ ಅಂದುಕೊಂಡೆ, ಆಮೇಲೆ ಕಾಲು ಅಲ್ಲಾಡಿತು. ಚರ್ಮಕ್ಕೆ ಕಚ್ಚಿರಲಿಲ್ಲ. ಕಣದಲ್ಲಿ ಅಲ್ಲ, ರೇಸಿನ ಜಾಗದಲ್ಲಿ ಪೊದೆಯ ಹತ್ತಿರ ಆಡಿದಾಗ ಹತ್ತಿರಬೇಕು. ಬಟ್ಟೆಯೆಲ್ಲ ಕುದಿಸಿದೆ. ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿದೆ, ಜ್ವರ ಬಂದರೆ ತಕ್ಷಣ ಕರೆದುಕೊಂಡು ಬನ್ನಿ ಅಂದರು. ಅವತ್ತಿನಿಂದ ದಿನಾ ಬೆಳಿಗ್ಗೆ ಸಂಜೆ ಎಲ್ಲರ ಹಣೆ ಮುಟ್ಟಿ ನೋಡುತ್ತಿದ್ದೆ, ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುತ್ತಿದ್ದೆ. ಸೈಕಲ್ ಹೊರಗೆ ತೆಗೆದಿಲ್ಲ.

ಇವತ್ತಿಗೆ 12 ದಿನ. ಯಾರಿಗೂ ಜ್ವರ ಇಲ್ಲ. ಮಗ ಟೆಂಟನ್ನು ಹಾಲಿನಲ್ಲಿ ಹಾಕಿಕೊಂಡು ಅದರೊಳಗೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಾನೆ. ನಾಳೆ 5 ಗಂಟೆಗೆ ಸಕ್ರೆಬೈಲಿಗೆ ಹೊರಡುತ್ತೇನೆ.