ಪಾಲಿಲೈನ್ ವರ್ಟೆಕ್ಸ್ ಹೇಗೆ ಇಟ್ಟುಕೊಳ್ಳುತ್ತೀರಿ? ಅನುಭವ ಹೇಳಿ

ಹೊಸಬ: ಆಟೋಕ್ಯಾಡ್ ಲೇಔಟ್ ಡ್ರಾಯಿಂಗ್‌ನಿಂದ ಸೈಟುಗಳ ಗಡಿ ಓದಿ ವಿಸ್ತೀರ್ಣ ತೆಗೆಯುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಎಲ್ಲವೂ ಪಾಲಿಲೈನ್, ಅಂದ್ರೆ ನೇರ ಗೆರೆ, ಬಾಗಿದ ಆರ್ಕ್ ಜೋಡಿಸಿದ ಒಂದೇ ಆಕೃತಿ. ವರ್ಟೆಕ್ಸ್‌ಗಳನ್ನು (ತುಂಡುಗಳು ಸೇರುವ ಬಿಂದುಗಳನ್ನು) ಬರೀ ಎಕ್ಸ್, ವೈ ಅರೇ ಆಗಿ ಇಡಲಾ, ಒಂದೊಂದಕ್ಕೂ ಆಬ್ಜೆಕ್ಟ್ ಮಾಡಲಾ? ಮಾಡಿ ನೋಡಿದವರು ಹೇಳಿ.

ಮೂಲೆಸೈಟು: ಬರೀ ಎಕ್ಸ್, ವೈ ಇಟ್ಟು ನಾನು ಕೆಟ್ಟೆ. ಬಲ್ಜ್, ಅಂದ್ರೆ ತುಂಡು ಎಷ್ಟು ಬಾಗಿದೆ ಅನ್ನೋ ಸಂಖ್ಯೆ, ಓದಿರಲಿಲ್ಲ. ನಮ್ಮ ಮೂಲೆ ಸೈಟುಗಳಿಗೆಲ್ಲ 3 ಮೀಟರ್ ರೇಡಿಯಸ್ ತಿರುವು, ಬಲ್ಜ್ 0.4142. ಅದು ಹೋದರೆ ಆರ್ಕ್ ಇದ್ದಲ್ಲಿ ನೇರ ಗೆರೆ. ಸೈಟಿಗೆ 2.57 ಚದರ ಮೀಟರ್, ಅಂದ್ರೆ 27 ಚದರಡಿಗೂ ಜಾಸ್ತಿ ಖೋತಾ. ಅಂಥವು 46. ಪಟ್ಟಿ ಪ್ರಿಂಟ್ ಆಗಿ, ಸಹಿ ಬಿದ್ದು, ಮಾಲೀಕರ ಕೈ ಸೇರಿತ್ತು. ಒಬ್ಬ ಅಜ್ಜ ಟೇಪ್ ಹಿಡಿದುಕೊಂಡು ಆಫೀಸಿಗೇ ಬಂದರು! ಎರಡು ಭಾನುವಾರ ಕೂತು ಎಲ್ಲ ಮತ್ತೆ ಮಾಡಿದೆ. ಪ್ರಿಂಟ್ ಖರ್ಚು ನನ್ನ ಸಂಬಳದಲ್ಲಿ ಮುರಿದುಕೊಂಡರು. ಈಗ ಎಕ್ಸ್, ವೈ, ಬಲ್ಜ್ ಮೂರೂ ಒಂದೇ ಸ್ಟ್ರಕ್ಟ್‌ನಲ್ಲಿ.

ಪೀಣ್ಯದಿಂದ: ಬಲ್ಜ್ ತಲೆನೋವೇ ಬೇಡ ಅಂತ ನಾನು ಆರ್ಕ್‌ಗಳನ್ನು 5 ಡಿಗ್ರಿಗೊಂದು ಗೆರೆ ಮಾಡಿ ಇಟ್ಟೆ. 90 ಡಿಗ್ರಿಗೆ 18 ಗೆರೆ. ಸ್ಕ್ರೀನ್ ಮೇಲೆ ಚೆನ್ನಾಗಿಯೇ ಇತ್ತು. ಲೇಸರ್ ಕಟಿಂಗ್‌ಗೆ ಹೋದಾಗ ಬಣ್ಣ ಬಯಲಾಯ್ತು. ಮಷೀನಿಗೆ ಆರ್ಕ್ ಹೇಳುವ ಒಂದು ಜಿ3 ಸಾಲು ಇರಬೇಕಾದಲ್ಲಿ ನೇರ ಗೆರೆಯ 18 ಜಿ1. ಮಷೀನು ಪ್ರತಿ ಜಾಯಿಂಟಿಗೂ ತಡವರಿಸಿ ಅಂಚೆಲ್ಲ ಸುಟ್ಟ ಗೀರು. 11 ಸ್ಟೀಲ್ ಶೀಟ್ ಗುಜರಿಗೆ. ಒಂದು ತುಂಡು ಇನ್ನೂ ನಮ್ಮ ಬಾಗಿಲ ಹಿಂದಿದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಲಿಸ್ಪ್ ಹಳಬ: ಇದೆಲ್ಲ ಡಾಟ್‌ನೆಟ್‌ನಲ್ಲಿ ಕೋಡ್ ಬರೆಯೋ ಹುಡುಗರ ಗೋಳು. ನಾನು ಲಿಸ್ಪ್ ಭಾಷೆಯವನು, ಆಟೋಕ್ಯಾಡ್ ಆರ್14 ಆವೃತ್ತಿಗಿಂತ ಹಿಂದಿನವನು. ಆಗ ಪ್ರತಿ ವರ್ಟೆಕ್ಸೂ ಡ್ರಾಯಿಂಗ್‌ನಲ್ಲಿ ಬೇರೆ ಎಂಟಿಟಿ, ಮುಗೀತು ಅನ್ನೋಕೆ ಕೊನೆಗೊಂದು ಸೀಕ್‌ಎಂಡ್. ಮುಂದಿನ ಎಂಟಿಟಿ ಕೊಡುವ ಎಂಟ್‌ನೆಕ್ಸ್ಟ್ ಹಿಡಿದು ಒಂದೊಂದೇ ದಾಟಬೇಕಿತ್ತು. 1997ರಲ್ಲಿ ಹಗುರ ಪಾಲಿಲೈನ್, ಅಂದ್ರೆ ಎಲ್‌ಡಬ್ಲ್ಯೂಪಾಲಿಲೈನ್ ಬಂತು, ಎಲ್ಲ ಒಂದೇ ಪಟ್ಟಿಯೊಳಗೆ. ನನ್ನ ಹಳೇ ಕೋಡ್ ಮೂಲೆಗೆ. ಪಟ್ಟಿಯಲ್ಲಿ ವರ್ಟೆಕ್ಸ್‌ನ ಕೋಡ್ 10 ಹುಡುಕಲು ಅಸಾಕ್ 10 ಅಂದರೆ ಮೊದಲ ವರ್ಟೆಕ್ಸ್ ಮಾತ್ರ ಸಿಗುತ್ತೆ ಅಂತ ಗೊತ್ತಾಗಲು ಒಂದು ವಾರ ಹೋಯ್ತು. ಆದರೂ ಪಟ್ಟಿಯೇ ಸರಿ. ಸ್ಟ್ರಕ್ಟ್, ಆಬ್ಜೆಕ್ಟ್ ಎಲ್ಲ ಸುಮ್ನೆ ಶೋಕಿ.

ಮೂಲೆಸೈಟು: ಶೋಕಿ ಅಲ್ಲ ಸರ್. ನಿಮ್ಮ ಪಟ್ಟಿಗೆ ರಿವರ್ಸ್ ಹೊಡೆದು ನೋಡಿ, ಆರ್ಕ್ ಪಕ್ಕದ ಗೆರೆಗೆ ಹೋಗಿ ಕೂರುತ್ತೆ. ಬಲ್ಜ್‌ನ ಪ್ಲಸ್ ಮೈನಸ್ ಬದಲಾಗಬೇಕು, ಒಂದು ಮನೆ ಜರುಗಲೂಬೇಕು. ಬಲ್ಜ್ ವರ್ಟೆಕ್ಸ್‌ದಲ್ಲ, ಅಲ್ಲಿಂದ ಹೊರಡುವ ತುಂಡಿನದು.

ಪೀಣ್ಯದಿಂದ: ತುಂಡಿನದು ಅಂತೀರಿ, ಮತ್ತೆ ವರ್ಟೆಕ್ಸ್ ಸ್ಟ್ರಕ್ಟ್‌ನಲ್ಲೇ ಇಟ್ಟಿದ್ದೀರಲ್ಲ?

ಮೂಲೆಸೈಟು: ಶೀಟ್ ಸುಟ್ಟವರು ಪಾಠ ಹೇಳಬೇಡಿ.

ದುಬೈ ಡ್ರಾಫ್ಟರ್: ವಿಬಿಎ ಮ್ಯಾಕ್ರೋದಲ್ಲಿ ಕೋಆರ್ಡಿನೇಟ್ಸ್ ಒಂದೇ ಉದ್ದ ಸಾಲಾಗಿ ಬರುತ್ತೆ. ಹಳೇ ಪಾಲಿಲೈನ್‌ಗೆ ಮೂರು ಮೂರು, ಎಲ್‌ಡಬ್ಲ್ಯೂಗೆ ಎರಡೆರಡು. ನಾನು ಎಲ್ಲಕ್ಕೂ ಮೂರೇ ಎಣಿಸಿದೆ. 6 ವರ್ಟೆಕ್ಸ್, 12 ಸಂಖ್ಯೆ. ನೀಟಾಗಿ 4 ಬಿಂದು ಬಂದವು. ಎರರ್ ಬಂದಿದ್ದರೆ ಬದುಕುತ್ತಿದ್ದೆ. ಮೂರು ರಾತ್ರಿ ಹೋಯ್ತು.

ಹೊಸಬ: ಕ್ಲೋಸ್ ಆದ ಪಾಲಿಲೈನ್‌ಗೆ ಮೊದಲ ವರ್ಟೆಕ್ಸನ್ನು ಕೊನೆಗೆ ಮತ್ತೆ ಸೇರಿಸಬೇಕಾ?

ಲಿಸ್ಪ್ ಹಳಬ: ಬೇಡ. ಪಾಲಿಲೈನ್ ಡೇಟಾದ 70ನೇ ಕೋಡ್‌ನಲ್ಲಿ 1 ಇದ್ದರೆ ಕ್ಲೋಸ್ ಅಂತಲೇ ಅರ್ಥ, ಮುಗೀತು.

ಜಿಐಎಸ್ ಅಕ್ಕ: ಸೇರಿಸಿ. ಜಿಐಎಸ್ ನಕ್ಷೆಯ ಶೇಪ್‌ಫೈಲ್‌ನಲ್ಲಿ ಮೊದಲನೆಯದೂ ಕೊನೆಯದೂ ಒಂದೇ ಇರಬೇಕು.

ಲಿಸ್ಪ್ ಹಳಬ: ಇಲ್ಲಿ ಶೇಪ್‌ಫೈಲ್ ಕೇಳಿದವರು ಯಾರು ಮೇಡಂ?

ಜಿಐಎಸ್ ಅಕ್ಕ: ಈಗ ಕೇಳಲ್ಲ. ಆಮೇಲೆ ರಾತ್ರಿ ಹತ್ತಕ್ಕೆ ಫೋನ್ ಮಾಡ್ತೀರಿ.