ಅರ್ಧಕ್ಕೆ ನಿಂತ ಎಸ್ಟೀಮ್ ಎಂಜಿನ್ನಿನ ಬಗ್ಗಿ: ಮರುನಿರ್ಮಾಣದ ಯಾವ ಕೆಲಸವನ್ನು ಯಾರಿಗೆ ಒಪ್ಪಿಸಬೇಕು?

ಪ್ರಶ್ನೆ (ಸಕಲೇಶಪುರದಿಂದ)

ನಮ್ಮ ಚಿಕ್ಕಪ್ಪ 2012ರಲ್ಲಿ ಇಬ್ಬರು ಗೆಳೆಯರೊಂದಿಗೆ ಸೇರಿ ತೋಟದ ಶೆಡ್ಡಿನಲ್ಲೇ ಒಂದು ಬಗ್ಗಿ (ಕಚ್ಚಾ ದಾರಿಯಲ್ಲಿ ಓಡಿಸುವ, ಪೈಪಿನ ಚೌಕಟ್ಟಿನ ಗಾಡಿ) ಕಟ್ಟಿದ್ದರು. ಹಳೆಯ ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಎಂಜಿನ್, ಗೇರ್‌ಬಾಕ್ಸ್ ಮತ್ತು ಮುಂದಿನ ಸಸ್ಪೆನ್ಷನ್ನನ್ನು ಇಡಿಯಾಗಿ ಎತ್ತಿ ಚಾಲಕನ ಬೆನ್ನ ಹಿಂದೆ ಕೂರಿಸಿ, ಅದರ ಸುತ್ತ ಪೈಪಿನ ಚೌಕಟ್ಟು ಬೆಸೆದಿದ್ದರು. ಹತ್ತು ವರ್ಷ ಅದು ತೋಟದ ಏರುದಾರಿಗಳಲ್ಲಿ, ಮಳೆಗಾಲದ ಕೆಸರಿನಲ್ಲಿ ಚೆನ್ನಾಗಿಯೇ ಓಡಿತು. ಎರಡು ವರ್ಷದ ಹಿಂದೆ ಹಿಂಬದಿಯ ಎಡ ಲೋಯರ್ ಆರ್ಮ್ (ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಕೂರುವ ಬ್ರಾಕೆಟ್ಟಿನ ಪಕ್ಕದಲ್ಲೇ ಪೈಪು ಬಿರುಕು ಬಿಟ್ಟಿತು.

ದುರಸ್ತಿಗೆಂದು ಒಂದು ಕಾರ್ಯಾಗಾರಕ್ಕೆ ಕೊಟ್ಟೆವು. ಅವರು ಚೌಕಟ್ಟಿನ ಹಿಂದಿನ ಅರ್ಧವನ್ನು ಅಳತೆ ಬರೆದಿಟ್ಟುಕೊಳ್ಳದೆ ಕತ್ತರಿಸಿದರು. ಕೆಲಸ ಹಿಡಿದಿದ್ದವರು ನಡುವೆಯೇ ಬಿಟ್ಟುಹೋದರು. ಹನ್ನೊಂದು ತಿಂಗಳ ನಂತರ ಬಗ್ಗಿ ಲಾರಿಯಲ್ಲಿ ಮನೆಗೆ ಮರಳಿತು; ಬಿಡಿಭಾಗಗಳು ಗೋಣಿಚೀಲಗಳಲ್ಲಿ ಬಂದವು.

ಚಿಕ್ಕಪ್ಪನಿಗೆ ಈಗ 71 ವರ್ಷ. ಅವರು ಇನ್ನೊಮ್ಮೆ ಅದರಲ್ಲಿ ಕೂರಬೇಕೆಂಬುದು ನನ್ನ ಆಸೆ. ಈಗ ಮೂರು ಕಡೆಯಿಂದ ನೆರವು ಸಿಗುವಂತಿದೆ: ಪೈಪು ಬಾಗಿಸಿ ಬೆಸೆದು ಚೌಕಟ್ಟು ಕಟ್ಟುವ ಹಾಸನದ ಒಬ್ಬ ಫ್ಯಾಬ್ರಿಕೇಟರ್, ಎಲ್ಲವನ್ನೂ ತಾವೇ ಮುಗಿಸಿಕೊಡುತ್ತೇವೆ ಎನ್ನುವ ಬೆಂಗಳೂರಿನ ಒಬ್ಬ ಮೆಕ್ಯಾನಿಕ್, ಮತ್ತು ನಮ್ಮ ಸಂಬಂಧಿಕರ ಹುಡುಗ ಓದುತ್ತಿರುವ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ತಂಡ. ಯಾರಿಗೆ ಯಾವುದನ್ನು ಒಪ್ಪಿಸುವುದು ಸರಿ? ಉಳಿದಿರುವ ಮುಂದಿನ ಅರ್ಧ ಗಟ್ಟಿಯಾಗಿಯೇ ಇದೆ. ಸುಮಾರು 42 ಮಿ.ಮೀ. ಹೊರವ್ಯಾಸದ ಜಿಐ (ಸತು ಲೇಪಿಸಿದ) ಪೈಪಿನಿಂದ ಮಾಡಿದ್ದು.

ಉತ್ತರ 1 (ವೆಲ್ಡಿಂಗ್ ಕೆಲಸದವರು, ಶಿವಮೊಗ್ಗ)

ನಿಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸಬೇಕಾಗಿದೆ, ಏಕೆಂದರೆ ಅದು ಎಲ್ಲಕ್ಕಿಂತ ಗಂಭೀರವಾದ ವಿಷಯ. ಜಿಐ ಪೈಪು ನೀರಿನ ಒತ್ತಡ ತಡೆಯಲೆಂದು ತಯಾರಾಗುವ, ಉದ್ದಕ್ಕೂ ಸೀಮ್ (ಬೆಸೆದ ಜೋಡು) ಇರುವ ಪೈಪು. ಗಾಡಿ ಮಗುಚಿದಾಗ ತಲೆಯನ್ನು ಕಾಯುವ ಕೆಲಸಕ್ಕೆ ಅದನ್ನು ಮಾಡಿಲ್ಲ. ಗೋಡೆ ಮೂರು ಮಿಲಿಮೀಟರಿಗಿಂತ ದಪ್ಪವಿದೆ ಎಂಬ ಧೈರ್ಯ ಸಾಲದು. ಮೇಲಿನ ಸತುವಿನ ಲೇಪನವನ್ನು ಪೂರ್ತಿ ತೆಗೆಯದೆ ಬೆಸೆದರೆ ಬೆಸುಗೆಯೊಳಗೆ ಗುಳ್ಳೆಗಳು ಉಳಿಯುತ್ತವೆ, ಅದರ ಹೊಗೆ ಕುಡಿದ ಬೆಸುಗೆಗಾರನಿಗೆ ಅಂದು ರಾತ್ರಿ ಚಳಿಜ್ವರ ಬರುವುದೂ ಉಂಟು. ಹಾಗಾಗಿ ಹೊಸ ಹಿಂಭಾಗವನ್ನು ಹಳೆಯ ಮುಂಭಾಗಕ್ಕೆ ಬೆಸೆಯುವ ಯೋಚನೆಯನ್ನು ಬಿಡಿ. ಮುಂಭಾಗವನ್ನು ಅಳತೆಯ ಮಾದರಿಯಾಗಿ ಮಾತ್ರ ಇಟ್ಟುಕೊಳ್ಳಿ.

ಮೋಟಾರ್ ಕ್ರೀಡೆಯ ಅಂತಾರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ ತನ್ನ ನಿಯಮಗಳಲ್ಲಿ, ಚಾಲಕನ ಹಿಂದಿನ ಮುಖ್ಯ ಕಮಾನಿಗೆ ಸೀಮ್ ಇಲ್ಲದ, ತಣ್ಣಗೆ ಎಳೆದ ಕಾರ್ಬನ್ ಉಕ್ಕಿನ 45 × 2.5 ಅಥವಾ 50 × 2.0 ಮಿ.ಮೀ. (ಹೊರವ್ಯಾಸ × ಗೋಡೆಯ ದಪ್ಪ) ಪೈಪನ್ನೂ, ಉಳಿದ ಪ್ರಧಾನ ಸದಸ್ಯಗಳಿಗೆ 38 × 2.5 ಅಥವಾ 40 × 2.0 ಮಿ.ಮೀ. ಪೈಪನ್ನೂ ಕನಿಷ್ಠವೆಂದು ಹೇಳುತ್ತದೆ. ನೀವು ಸ್ಪರ್ಧೆಗೆ ಹೋಗದಿದ್ದರೂ ಆ ಅಳತೆಯನ್ನೇ ಹಿಡಿಯಿರಿ. 45 × 2.5ರ ಪೈಪು ಮೀಟರಿಗೆ ಸುಮಾರು 2.6 ಕಿಲೋ ತೂಗುತ್ತದೆ, ಆದ್ದರಿಂದ ತೂಕದ ಭಯವೂ ಬೇಡ. ಬಾಗಿಸುವಾಗ ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರರಷ್ಟಾದರೂ ಇರಬೇಕು. ಪ್ಲಂಬರುಗಳ ಹೈಡ್ರಾಲಿಕ್ ಬೆಂಡರಿನಲ್ಲಿ ಒತ್ತಿದ ಬಾಗು ಒಳಗೆ ಚಪ್ಪಟೆಯಾಗುತ್ತದೆ, ಅದನ್ನು ಒಪ್ಪಬೇಡಿ. ಪೈಪು ಕೊಳ್ಳುವಾಗ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆದು, ಅದರಲ್ಲಿರುವ ಹೀಟ್ ಸಂಖ್ಯೆಯನ್ನು (ಉಕ್ಕಿನ ಯಾವ ಎರಕದ್ದೆಂದು ತೋರಿಸುವ ಸಂಖ್ಯೆ) ಪೈಪಿನ ಮೇಲಿನದರೊಂದಿಗೆ ಹೋಲಿಸಿ ನೋಡಿ.

ಬಿರುಕಿನ ಕಾರಣವನ್ನು ನೋಡದೆಯೇ ಊಹಿಸಬಲ್ಲೆ. ಬ್ರಾಕೆಟ್ಟನ್ನು ಎರಡು ಕೂಡುಗಳ ನಡುವೆ, ಪೈಪಿನ ಮಧ್ಯಕ್ಕೆ ಬೆಸೆದಿರಬೇಕು. ಆಗ ಪ್ರತಿ ಹೊಂಡವೂ ಆ ಪೈಪನ್ನು ಬಿಲ್ಲಿನಂತೆ ಬಗ್ಗಿಸುತ್ತದೆ, ಬೆಸುಗೆಯ ಅಂಚಿನಲ್ಲೇ ಲೋಹ ದಣಿದು ಸೀಳುತ್ತದೆ. ಆರ್ಮ್‌ಗಳ ಬ್ರಾಕೆಟ್ಟುಗಳು ಯಾವಾಗಲೂ ಮೂರು ನಾಲ್ಕು ಪೈಪುಗಳು ಸೇರುವ ಕೂಡಿನಲ್ಲೇ ಕೂರಬೇಕು. ಇನ್ನೊಂದು ಮಾತು: ಬೆಸುಗೆಯನ್ನು ಅಂದಕ್ಕಾಗಿ ಗ್ರೈಂಡ್ ಮಾಡಿ ನಯಗೊಳಿಸುವವರಿಗೆ ಚೌಕಟ್ಟಿನ ಕೆಲಸವನ್ನು ಕೊಡಬೇಡಿ.

ಉತ್ತರ 2 (ವಿದ್ಯಾರ್ಥಿಗಳೇ ಬಗ್ಗಿ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆಯ ಕಾಲೇಜು ತಂಡಕ್ಕೆ ಮಾರ್ಗದರ್ಶಕರಾಗಿದ್ದವರು)

ವಿದ್ಯಾರ್ಥಿಗಳ ನೆರವನ್ನು ಖಂಡಿತ ಪಡೆಯಿರಿ, ಆದರೆ ಅವರು ಬಲ್ಲ ಕೆಲಸಕ್ಕೆ ಮಾತ್ರ. ಬಾಹಾ ಸ್ಪರ್ಧೆಯ ಬಗ್ಗಿಗೆ 10 ಅಶ್ವಶಕ್ತಿಯ, 305 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ ಇರುತ್ತಿತ್ತು. ಅದರ ಚೌಕಟ್ಟಿಗೆ 25 × 3 ಮಿ.ಮೀ. ಪೈಪು ಸಾಕೆಂಬುದು ನಿಯಮ. ನಿಮ್ಮ ಎಸ್ಟೀಮ್ ಎಂಜಿನ್ 16 ವಾಲ್ವಿನದಾಗಿದ್ದರೆ 85 ಅಶ್ವಶಕ್ತಿ ಕೊಡುತ್ತದೆ, ಗಾಡಿಯೂ ಬಹಳ ಭಾರ. ಹುಡುಗರು ತಾವು ಕಲಿತ ಅಳತೆಯನ್ನೇ ಇಲ್ಲಿಗೂ ತಂದರೆ ಒಪ್ಪಬಾರದು. ಆದರೆ ಇರುವ ಭಾಗಗಳನ್ನೆಲ್ಲ ಅಳೆದು ಕಂಪ್ಯೂಟರಿನಲ್ಲಿ ಪೂರ್ಣ ನಕ್ಷೆ ಮಾಡುವ ಕೆಲಸವನ್ನು ಅವರಷ್ಟು ಶ್ರದ್ಧೆಯಿಂದ ಯಾವ ಕಾರ್ಯಾಗಾರವೂ ನಿಮಗೆ ಮಾಡಿಕೊಡಲಾರದು.

ಕಳೆದುಹೋದ ಹಿಂಭಾಗದ ಅಳತೆ ನಿಮ್ಮ ಗೋಣಿಚೀಲಗಳಲ್ಲೇ ಇದೆ. ಅಡ್ಡವಾಗಿ ಕೂರುವ ಇಂಥ ಎಂಜಿನ್ನಿನಲ್ಲಿ ಗೇರ್‌ಬಾಕ್ಸು ನಡುಮಧ್ಯದಲ್ಲಿರುವುದಿಲ್ಲ, ಚಕ್ರಗಳಿಗೆ ಶಕ್ತಿ ಒಯ್ಯುವ ಎಡ ಬಲದ ಡ್ರೈವ್‌ಶಾಫ್ಟುಗಳ ಉದ್ದವೂ ಬೇರೆ ಬೇರೆ. ಆ ಎರಡು ಶಾಫ್ಟು ಮತ್ತು ಲೋಯರ್ ಆರ್ಮ್‌ಗಳನ್ನು ಅಳೆದರೆ ಚಕ್ರಗಳ ನಡುವಿನ ಅಂತರವೂ ಎಂಜಿನ್ ಎಷ್ಟು ಪಕ್ಕಕ್ಕೆ ಸರಿದು ಕೂರಬೇಕೆಂಬುದೂ ತಾನಾಗಿ ಗೊತ್ತಾಗುತ್ತದೆ. ಎಂಜಿನ್ನನ್ನು ಕಾರಿನಲ್ಲಿದ್ದ ದಿಕ್ಕಿನಲ್ಲೇ ಹಿಂದಕ್ಕೆ ಸರಿಸಿ ಕೂರಿಸಬೇಕು. ಜಾಗದ ಅನುಕೂಲಕ್ಕೆಂದು ಹಿಂದುಮುಂದಾಗಿ ತಿರುಗಿಸಿದರೆ ಮುಂದಕ್ಕೆ ಹೋಗಲು ಒಂದೇ ಗೇರು, ಹಿಂದಕ್ಕೆ ಹೋಗಲು ಐದು ಗೇರು ಎಂಬಂತಾಗುತ್ತದೆ.

ಎಲ್ಲರೂ ಮರೆಯುವ ಸಂಗತಿಯೊಂದಿದೆ. ನಿಮ್ಮ ಹಿಂದಿನ ಹಬ್ಬುಗಳು (ಚಕ್ರ ಕೂರುವ ಭಾಗಗಳು) ಮೂಲ ಕಾರಿನ ಮುಂಭಾಗದಲ್ಲಿದ್ದು ಸ್ಟಿಯರಿಂಗಿಗೆ ತಿರುಗುತ್ತಿದ್ದವು, ಈಗ ಅವುಗಳ ಸ್ಟಿಯರಿಂಗ್ ಆರ್ಮನ್ನು ಒಂದು ಕಡ್ಡಿಯಿಂದ ಚೌಕಟ್ಟಿಗೆ ಕಟ್ಟಿಹಾಕಬೇಕು. ಆ ಕಡ್ಡಿಯ ಒಳತುದಿ ಲೋಯರ್ ಆರ್ಮಿನ ಚಲನೆಗೆ ಹೊಂದುವ ಜಾಗದಲ್ಲಿ ಇಲ್ಲದಿದ್ದರೆ, ಚಕ್ರ ಮೇಲೆ ಕೆಳಗೆ ಹೋದಾಗಲೆಲ್ಲ ಹಿಂಬದಿಯೇ ಸ್ಟಿಯರಿಂಗ್ ತಿರುಗಿಸಿದಂತೆ ಆಗುತ್ತದೆ. ಇಳಿಜಾರಿನ ತಿರುವಿನಲ್ಲಿ ಇದು ಗಾಡಿಯನ್ನು ಮಗುಚಬಲ್ಲದು. ಈ ಬಿಂದುವನ್ನು ಬೆಸುಗೆಗೆ ಮೊದಲು ನಕ್ಷೆಯಲ್ಲೇ ನಿರ್ಧರಿಸಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮುಂಭಾಗವನ್ನು ಬಿಡಬೇಕೆಂಬ ಮಾತು ಓದಿ ಒಂದು ದಿನ ಏನೂ ತೋಚಲಿಲ್ಲ, ಏಕೆಂದರೆ ಚಿಕ್ಕಪ್ಪನ ಕೈಯ ಬೆಸುಗೆ ಉಳಿದಿರುವುದು ಅಷ್ಟೇ. ಅವರಿಗೇ ಓದಿ ಹೇಳಿದೆ. ಬ್ರಾಕೆಟ್ಟು ಪೈಪಿನ ಮಧ್ಯಕ್ಕೇ ಇತ್ತೆಂದು ಅವರು ಒಪ್ಪಿದರು, ಮುಂಭಾಗವನ್ನು ತೆಗೆಯಿರಿ ಎಂದೂ ಅವರೇ ಹೇಳಿದರು. ಈಗ ಉಳಿದಿರುವ ಅನುಮಾನ ಒಂದೇ: ಮೂವರನ್ನು ಒಂದೇ ಕೆಲಸದಲ್ಲಿ ಸೇರಿಸಿದರೆ, ತಪ್ಪಾದಾಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದಿಲ್ಲವೇ?

ಉತ್ತರ 3 (ಬಗ್ಗಿ ಕಟ್ಟಿಸಿಕೊಂಡವರು, ಕೊಡಗು)

ತೋರಿಸುತ್ತಾರೆ. ವಿದ್ಯಾರ್ಥಿಗಳು ಮಾಡುವ ನಕ್ಷೆ ನಿಮ್ಮ ಹೆಸರಿನಲ್ಲಿ, ನಿಮ್ಮ ಮನೆಯಲ್ಲಿ ಇರಬೇಕೆಂದು ನಾನು ಹೇಳುವುದು ಅದಕ್ಕಾಗಿಯೇ. ಮೊದಲ ಕಾರ್ಯಾಗಾರ ಕೆಲಸ ಬಿಟ್ಟಾಗ ನಿಮಗೆ ಆದ ನಿಜವಾದ ನಷ್ಟ ಹನ್ನೊಂದು ತಿಂಗಳಲ್ಲ. ಗಾಡಿಯ ಅಳತೆ ಅವರ ತಲೆಯಲ್ಲಿ ಮಾತ್ರ ಇತ್ತು, ಅವರೊಂದಿಗೇ ಹೋಯಿತು. ಎಲ್ಲವನ್ನೂ ತಾನೇ ಮಾಡುತ್ತೇನೆನ್ನುವ ಮೆಕ್ಯಾನಿಕ್ಕಿಗೆ ಇಡೀ ಗಾಡಿಯನ್ನು ಒಪ್ಪಿಸಿದರೆ ಅದೇ ಸ್ಥಿತಿ ಮರುಕಳಿಸಬಹುದು. ಅವರಿಗೆ ಎಂಜಿನ್, ಕೂಲಿಂಗ್, ವೈರಿಂಗ್ ಮತ್ತು ಬ್ರೇಕನ್ನು ಮಾತ್ರ ಕೊಡಿ.

ಚೌಕಟ್ಟನ್ನು ಹಾಸನದ ಫ್ಯಾಬ್ರಿಕೇಟರ್‌ಗೆ ಕೊಡಿ. ಅವರೊಂದಿಗಿನ ಒಪ್ಪಂದವನ್ನು ಕಾಗದದಲ್ಲಿ ಬರೆದು, ಹಣವನ್ನು ಹಂತಕ್ಕೆ ಕಟ್ಟಿ. ಜಿಗ್ (ಬೆಸೆಯುವಾಗ ಪೈಪುಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಅಚ್ಚು) ಸಿದ್ಧವಾಗಿ ನೀವು ಅದರ ಮೂಲೆಯಿಂದ ಮೂಲೆಗಿನ ಕರ್ಣಗಳನ್ನು ಅಳೆದು ಒಪ್ಪಿದ ಮೇಲೆ ಒಂದು ಕಂತು. ಚೌಕಟ್ಟು ಬರೀ ಟ್ಯಾಕ್ ಬೆಸುಗೆಯಲ್ಲಿ (ಅಲ್ಲಲ್ಲಿ ಚುಕ್ಕೆಯಂತೆ ಹಾಕಿದ ತಾತ್ಕಾಲಿಕ ಬೆಸುಗೆ) ನಿಂತಾಗ ಇನ್ನೊಂದು. ಈ ಟ್ಯಾಕ್ ಹಂತದಲ್ಲಿ ಅವಸರ ಮಾಡಬೇಡಿ. ಎಂಜಿನ್, ಆರ್ಮ್, ಶಾಫ್ಟು, ಸೀಟು ಎಲ್ಲವನ್ನೂ ಜೋಡಿಸಿ, ಸ್ಪ್ರಿಂಗ್ ತೆಗೆದು ಚಕ್ರವನ್ನು ಪೂರ್ತಿ ಮೇಲಕ್ಕೂ ಕೆಳಕ್ಕೂ ಆಡಿಸಿ, ಶಾಫ್ಟಿನ ಕೀಲು ಎಲ್ಲಿಯೂ ಬಿಗಿಯದೆಂದು ಕಂಡ ಮೇಲೆಯೇ ಪೂರ್ತಿ ಬೆಸೆಯಲು ಹೇಳಿ. ಕೊನೆಯ ಕಂತನ್ನು ಬಣ್ಣ ಬಳಿಯುವ ಮುನ್ನ, ಕೂಡುಗಳ ಮೇಲೆ ಡೈ ಪೆನಿಟ್ರೆಂಟ್ ಪರೀಕ್ಷೆ ಮಾಡಿಸಿ ಕೊಡಿ. ಕೆಂಪು ದ್ರವ ಹಚ್ಚಿ ಒರೆಸಿ ಬಿಳಿ ಡೆವಲಪರ್ ಸಿಂಪಡಿಸಿದರೆ, ಮೇಲ್ಮೈಗೆ ತೆರೆದ ಬಿರುಕು ಕೂದಲೆಳೆಯಷ್ಟಿದ್ದರೂ ಕೆಂಪಾಗಿ ಕಾಣುತ್ತದೆ.

ಈ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳನ್ನು ಬದಲಿಸುವುದನ್ನು ನಿಷೇಧಿಸುತ್ತದೆ, ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ತೋಟದಿಂದ ತೋಟಕ್ಕೆ ಹೋಗುವಾಗಲೂ ಲಾರಿಯ ಮೇಲೆಯೇ ಹೋಗಲಿ.

ಪ್ರಶ್ನೆ ಕೇಳಿದವರು

ವಿದ್ಯಾರ್ಥಿಗಳು ಈ ಭಾನುವಾರ ಬರುತ್ತಿದ್ದಾರೆ. ಹಳೆಯ ಮುಂಭಾಗವನ್ನು ಶೆಡ್ಡಿನ ನೆಲದ ಮೇಲೆ ಮಟ್ಟ ಮಾಡಿ ಇಟ್ಟಿದ್ದೇವೆ, ಶಾಫ್ಟುಗಳನ್ನು ತೊಳೆದು ಒರೆಸಿದ್ದಾಗಿದೆ. ಚಿಕ್ಕಪ್ಪ ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂರುತ್ತಾರೆ. ಕಮಾನಿನ ಎತ್ತರವನ್ನು ಅವರ ತಲೆಯಿಂದಲೇ ಅಳೆಯುತ್ತೇವೆ.